ಮಿಖಿತಾರ್ಯನ್‌ನ ಕರಿಯರ್ ಗೆದ್ದಿದ್ದಾ, ಸೋತಿದ್ದಾ?

ಎಡಗಾಲು:
ಗೆಳೆಯನೊಬ್ಬನ ಜತೆ ಒಂದು ವಾರದಿಂದ ಇದೇ ಜಗಳ. ಅರ್ಮೇನಿಯಾದ ಫುಟ್‌ಬಾಲ್ ಆಟಗಾರ ಹೆನ್ರಿಖ್ ಮಿಖಿತಾರ್ಯನ್ ಬರೀ ಹವಾ ಅಂತಾನೆ ಅವನು. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ನಿಲ್ಲಲಿಲ್ಲ, ಆರ್ಸೆನಲ್‌ನಲ್ಲೂ ನಿಲ್ಲಲಿಲ್ಲ, ಅರ್ಮೇನಿಯಾವನ್ನು ಒಂದೇ ಒಂದು ಯೂರೋ ಕಪ್‌ಗೂ ದಾಟಿಸಲಿಲ್ಲವಂತೆ. ನಾನು ಅವನ ಆಟ ನೋಡೋಕೆ ಶುರು ಮಾಡಿದ್ದೇ ಇಂಟರ್ ಮಿಲಾನ್‌ಗೆ ಬಂದ ಮೇಲೆ. ಅಲ್ಲಿ ನನಗೆ ಕಂಡಿದ್ದು 90 ನಿಮಿಷವೂ ಖಾಲಿ ಜಾಗ ತುಂಬುತ್ತಾ ಓಡುವ ಮನುಷ್ಯ. ಹಳೇ ವಿಡಿಯೊ ಹಾಕಿದರೆ ಬರೀ ಗೋಲು, ಅಸಿಸ್ಟ್ (ಗೋಲಿಗೆ ದಾರಿ ಮಾಡಿಕೊಡುವ ಪಾಸ್). ಇಬ್ಬರೂ ಒಬ್ಬರೇನಾ ಅನ್ನಿಸುತ್ತೆ. ಈ ಬದಲಾವಣೆ ಯಾವಾಗ ಆಯ್ತು, ಯಾರು ಮಾಡಿದ್ದು? ಮೊದಲಿಂದ ನೋಡಿದವರು ಯಾರಾದರೂ ಇದ್ದರೆ ಹೇಳಿ.

ಅಂಕಿಅಂಶ:
ನಿಮ್ಮ ಗೆಳೆಯ ಹೇಳಿದ್ದು ಪೂರ್ತಿ ತಪ್ಪಲ್ಲ. ಶಖ್ತಾರ್ ಡೊನೆಟ್ಸ್ಕ್‌ನಲ್ಲಿ 2012-13ರಲ್ಲಿ 29 ಲೀಗ್ ಪಂದ್ಯಕ್ಕೆ 25 ಗೋಲು ಹೊಡೆದು ಉಕ್ರೇನ್ ಲೀಗಿನ ದಾಖಲೆಯನ್ನೇ ಬರೆದವನು ಅವನು. ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್ಬಿನಲ್ಲಿ 2015-16 ಇನ್ನೂ ಚೆನ್ನಾಗಿತ್ತು. ಆಮೇಲೆ ಇಂಗ್ಲೆಂಡಿನಲ್ಲಿ ಮೂರು ವರ್ಷ ಏನು ಮಾಡಿದ? ಉತ್ತುಂಗದ ವಯಸ್ಸು ಅಲ್ಲೇ ಕರಗಿಹೋಯ್ತು.

ಹಳೇ ಆರು ನಂಬರ್:
ಉದ್ದ ಬರೆಯುತ್ತೇನೆ, ಬೇಜಾರಾದರೆ ಬಿಟ್ಟು ಮುಂದೆ ಹೋಗಿ. ಹುಡುಗನಾಗಿದ್ದಾಗ ನಾನೂ ಮಿಡ್‌ಫೀಲ್ಡ್‌ನಲ್ಲೇ ಆಡಿದವನು. ಮೂವತ್ತು ದಾಟುವಷ್ಟರಲ್ಲಿ ಮಂಡಿ ಕೈಕೊಟ್ಟಿತು. ಅದಕ್ಕೇ ಈ ಮನುಷ್ಯನ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ಅವನ ಅಪ್ಪ ಹ್ಯಾಮ್ಲೆಟ್ ಕೂಡ ಆಟಗಾರ, ಅರಾರಾತ್ ಯೆರೆವಾನ್‌ನ ಫಾರ್ವರ್ಡ್. ಆಮೇಲೆ ಫ್ರಾನ್ಸಿನ ವ್ಯಾಲೆನ್ಸ್‌ಗೆ ಆಡಲು ಹೋದರು, ಸಂಸಾರವೂ ಜತೆಗೆ ಹೋಯಿತು. ಮಿದುಳಿನ ಗಡ್ಡೆಯಿಂದ 1996ರಲ್ಲಿ ಅಪ್ಪ ತೀರಿಕೊಂಡಾಗ ಮಗನಿಗೆ ಏಳು ವರ್ಷ. ಅಷ್ಟರಲ್ಲಿ ಅವರೆಲ್ಲ ಯೆರೆವಾನ್‌ಗೆ ವಾಪಸಾಗಿದ್ದರು. ಹುಡುಗ ಪ್ಯೂನಿಕ್ ಕ್ಲಬ್ಬಿನಲ್ಲಿ ಬೆಳೆದ, 2006ರಲ್ಲಿ ಅದರ ಮೊದಲ ತಂಡಕ್ಕೆ ಬಂದ.

ಸಣ್ಣ ದೇಶದ ಕಷ್ಟ ಇಲ್ಲಿಂದಲೇ ಶುರು. 2001ರಿಂದ 2010ರ ತನಕ ಸತತ ಹತ್ತು ವರ್ಷ ಅರ್ಮೇನಿಯಾದ ಲೀಗನ್ನು ಪ್ಯೂನಿಕ್ ಒಂದೇ ಗೆದ್ದಿದೆ. ಎದುರು ನಿಲ್ಲುವವರೇ ಇಲ್ಲದ ಕಡೆ ಮಿಡ್‌ಫೀಲ್ಡರ್ ಏನು ಕಲಿಯಬೇಕು? ಒತ್ತಡದಲ್ಲಿ ಚೆಂಡು ಹಿಡಿಯೋದನ್ನು ಹೊರಗೆ ಹೋಗಿಯೇ ಕಲಿಯಬೇಕು. ಅದಕ್ಕೇ 2009ರಲ್ಲಿ ಅವನು ನೇರ ದೊಡ್ಡ ಕ್ಲಬ್ಬಿಗೆ ಹಾರದೆ ಮೆಟಲುರ್ಹ್ ಡೊನೆಟ್ಸ್ಕ್‌ಗೆ ಹೋದ. ಮರುವರ್ಷ ಅದೇ ಊರಿನ ಶಖ್ತಾರ್, 2013ರಲ್ಲಿ ಡಾರ್ಟ್‌ಮುಂಡ್. ಒಂದೊಂದೇ ಮೆಟ್ಟಿಲು.

ಡಾರ್ಟ್‌ಮುಂಡ್‌ನ ಮೊದಲ ಎರಡು ವರ್ಷ ಜನ ಮರೆತೇಬಿಟ್ಟಿದ್ದಾರೆ. 2014ರ ಏಪ್ರಿಲ್, ರಿಯಲ್ ಮ್ಯಾಡ್ರಿಡ್ ವಿರುದ್ಧ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್. ಗೋಲ್‌ಕೀಪರ್ ಕಸಿಯಾಸ್‌ನನ್ನೂ ದಾಟಿಹೋದ, ಮುಂದೆ ಖಾಲಿ ಗೋಲು, ಚೆಂಡು ಕಂಬಕ್ಕೆ ಬಡಿಯಿತು. ಆ ರಾತ್ರಿ ಡಾರ್ಟ್‌ಮುಂಡ್ 2-0 ಗೆದ್ದರೂ ಒಟ್ಟು ಲೆಕ್ಕದಲ್ಲಿ 3-2ರಿಂದ ಹೊರಬಿತ್ತು. ನಾನು ಟಿವಿ ಆಫ್ ಮಾಡಿ ಸುಮ್ಮನೆ ಕೂತಿದ್ದೆ. ಮುಂದಿನ ಸೀಸನ್ ಇನ್ನೂ ಕೆಟ್ಟದ್ದು. ಕೋಚ್ ಟುಕೆಲ್ ಬಂದ ಮೇಲೆಯೇ ಅವನ ಭುಜ ಮೇಲೆದ್ದಿದ್ದು.

ಇನ್ನು ಇಂಗ್ಲೆಂಡ್. 2016ರ ಸೆಪ್ಟೆಂಬರಿನ ಮ್ಯಾಂಚೆಸ್ಟರ್ ಡರ್ಬಿಯಲ್ಲಿ (ಯುನೈಟೆಡ್-ಸಿಟಿ ಪಂದ್ಯ) ಯುನೈಟೆಡ್‌ನ ಕೋಚ್ ಮೊರಿನ್ಯೊ ಅರ್ಧ ಆಟಕ್ಕೇ ಇವನನ್ನು ತೆಗೆದ, ಆಮೇಲೆ ವಾರಗಟ್ಟಲೆ ಹತ್ತಿರ ಸೇರಿಸಲಿಲ್ಲ. ಹಾಗಂತ ಆ ಸೀಸನ್ ದಂಡವಾಯ್ತು ಅನ್ನಬೇಡಿ. ಸ್ಟಾಕ್‌ಹೋಮ್‌ನ ಯುರೋಪಾ ಲೀಗ್ ಫೈನಲ್‌ನಲ್ಲಿ ಅಯಾಕ್ಸ್ ವಿರುದ್ಧ ಎರಡನೇ ಗೋಲು ಇವನದೇ. ಮುಂದಿನ ಸೀಸನ್ನಿನ ಮೊದಲ ಮೂರು ಲೀಗ್ ಪಂದ್ಯಕ್ಕೇ 5 ಅಸಿಸ್ಟ್, ನವೆಂಬರಿಗೆ ಮತ್ತೆ ತಂಡದಿಂದ ಹೊರಗೆ. 2018ರ ಜನವರಿಯಲ್ಲಿ ಅಲೆಕ್ಸಿಸ್ ಸ್ಯಾಂಚೆಸ್‌ಗೆ ಬದಲಾಗಿ ಆರ್ಸೆನಲ್‌ಗೆ ಕೊಟ್ಟರು. ಆ ಅದಲುಬದಲಿನಲ್ಲಿ ಯಾರಿಗೂ ಲಾಭವಾಗಲಿಲ್ಲ ಬಿಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬದಲಾವಣೆ ಆಗಿದ್ದು ರೋಮಾದಲ್ಲಿ. ಮಾಡಿಸಿದವನು ಯಾರು ಅಂದ್ಕೊಂಡ್ರಿ? ಅದೇ ಮೊರಿನ್ಯೊ! 2020-21ರಲ್ಲಿ ಮಿಖಿತಾರ್ಯನ್ ರೋಮಾಗೆ ಇಟಲಿಯ ಸೀರಿ ಎ ಲೀಗಿನಲ್ಲಿ 13 ಗೋಲು ಹೊಡೆದಿದ್ದ, ಆಗ ಇನ್ನೂ ಮುಂದಿನ ಆಟಗಾರನೇ. ಮರುವರ್ಷ ಮೊರಿನ್ಯೊ ಅಲ್ಲಿಗೆ ಕೋಚ್ ಆಗಿ ಬಂದ. ಇವನ ಕಥೆ ಮುಗಿಯಿತು ಅಂದುಕೊಂಡವರಲ್ಲಿ ನಾನೂ ಒಬ್ಬ. ಆದರೆ ಸೀಸನ್ ಅರ್ಧ ದಾಟುವ ಹೊತ್ತಿಗೆ ಅವನನ್ನು ಇಪ್ಪತ್ತು ಗಜ ಹಿಂದಕ್ಕೆ ಎಳೆದು ಮೈದಾನದ ನಡುವೆ ನಿಲ್ಲಿಸಿದ. ಮುಂದೆ ನಿಂತವನಿಗೆ ಚೆಂಡು ಬೆನ್ನ ಹಿಂದಿನಿಂದ ಬರುತ್ತೆ, ತಿರುಗುವಷ್ಟರಲ್ಲಿ ಒಬ್ಬ ಮೈಮೇಲೆ ಇರ್ತಾನೆ. ಹಿಂದೆ ನಿಂತರೆ ಆಟವೆಲ್ಲ ಕಣ್ಣೆದುರಿಗೇ. ವೇಗ ಇಳಿಯುತ್ತಿರುವವನಿಗೆ ಅದೇ ದೊಡ್ಡ ಉಪಕಾರ.

ಇಂಟರ್‌ನಲ್ಲಿ ಕೋಚ್ ಇಂಝಾಗಿ ಅದನ್ನೇ ಮುಂದುವರಿಸಿದ. 3-5-2 (ಹಿಂದೆ ಮೂವರು, ನಡುವೆ ಐವರು, ಮುಂದೆ ಇಬ್ಬರು) ಆಟದಲ್ಲಿ ಎಡಗಡೆಯ ಮಿಡ್‌ಫೀಲ್ಡರ್. ಮುಂದಿನ ಸಲ ನೋಡುವಾಗ ಒಂದು ಕೆಲಸ ಮಾಡಿ: ಚೆಂಡು ಬಿಡಿ, ಬಸ್ತೋನಿಯನ್ನು ನೋಡಿ. ಡಿಫೆಂಡರ್ ಬಸ್ತೋನಿ ಚೆಂಡು ಹಿಡಿದು ಮೇಲೆ ಹೋದಾಗಲೆಲ್ಲ ಅವನು ಬಿಟ್ಟುಹೋದ ಜಾಗಕ್ಕೆ ಮಿಖಿತಾರ್ಯನ್ ಸದ್ದಿಲ್ಲದೆ ಇಳಿದಿರುತ್ತಾನೆ. ಡಿಮಾರ್ಕೊ ವಿಂಗಿನಲ್ಲಿ ನಿಶ್ಚಿಂತೆಯಿಂದ ಓಡೋದು ಅದಕ್ಕೇ. ಈ ಕೆಲಸ ಯಾವ ಅಂಕಿಪಟ್ಟಿಗೂ ಸೇರಲ್ಲ. ಅಂಕಿಅಂಶ ಸರ್, ಇದು ನಿಮಗೇ!

ಅಂಕಿಅಂಶ:
ಆಯ್ತು ಗುರುಗಳೇ, ಒಪ್ಪಿದೆ. ಅವನು ಇದ್ದ ಇಂಟರ್ 2023-24ರಲ್ಲಿ ಲೀಗ್ ಗೆದ್ದಿತು, 2023ರಲ್ಲೂ 2025ರಲ್ಲೂ ಚಾಂಪಿಯನ್ಸ್ ಲೀಗ್ ಫೈನಲ್ ತಲುಪಿತು. ಎರಡೂ ಫೈನಲ್ ಸೋತರು, ಮ್ಯೂನಿಕ್‌ನಲ್ಲಿ ಪಿಎಸ್‌ಜಿ ಕೈಲಿ 5-0. ಆದರೆ ದೇಶದ ತಂಡದ ಮಾತಿಗೆ ನೀವು ಉತ್ತರ ಕೊಡಲೇ ಇಲ್ಲ.

ಹಳೇ ಆರು ನಂಬರ್:
ಕೊಡ್ತೀನಿ. 11 ಅಕ್ಟೋಬರ್ 2011, ಡಬ್ಲಿನ್. ಐರ್ಲೆಂಡ್ ವಿರುದ್ಧ ಗೆದ್ದಿದ್ದರೆ ಅರ್ಮೇನಿಯಾ ಯೂರೋ 2012ಕ್ಕೆ ಅರ್ಹತೆಯ ಕೊನೆಯ ಹಂತವಾದ ಪ್ಲೇಆಫ್‌ಗೆ ಹೋಗುತ್ತಿತ್ತು. ಅರ್ಮೇನಿಯಾದ ಗೋಲ್‌ಕೀಪರ್ ಬೆರೆಜೊವ್ಸ್ಕಿ ಪೆನಾಲ್ಟಿ ಪೆಟ್ಟಿಗೆಯಿಂದ ಹೊರಗೆ ಬಂದು ಎದೆಯಲ್ಲಿ ತಡೆದ ಚೆಂಡನ್ನು ರೆಫರಿ ಕೈಗೆ ತಗುಲಿತು ಅಂದ. ಇನ್ನೂ ಅರ್ಧ ಗಂಟೆ ಆಗಿರಲಿಲ್ಲ, ಆಗಲೇ ಕೆಂಪು ಕಾರ್ಡ್. ಹತ್ತು ಜನರಲ್ಲಿ ಆಡಿ, ಒಂದು ಸೆಲ್ಫ್ ಗೋಲನ್ನೂ ಬಿಟ್ಟುಕೊಟ್ಟು, 2-1ರಿಂದ ಸೋತರು. ಆ ಒಂದು ಗೋಲು ಯಾರದ್ದು? 22 ವರ್ಷದ ಮಿಖಿತಾರ್ಯನ್‌ದೇ. ಆಗ ವಿಡಿಯೊ ನೋಡಿ ತೀರ್ಪು ತಿದ್ದುವ ವಿಎಆರ್ ಇರಲಿಲ್ಲ.

ಮೂವತ್ತು ಲಕ್ಷ ಜನರ ದೇಶ. ಒಬ್ಬ ಕೀಪರ್ ಹೋದರೆ, ಒಂದು ಪೀಳಿಗೆಗೆ ವಯಸ್ಸಾದರೆ, ಹಿಂದೆ ಸಾಲು ನಿಂತಿರೋದಿಲ್ಲ. 2013ರಲ್ಲಿ ಕೋಪನ್‌ಹೇಗನ್‌ಗೇ ಹೋಗಿ ಡೆನ್ಮಾರ್ಕಿಗೆ 4-0 ಹೊಡೆದ ತಂಡ, ಯೂರೋ 2016ಕ್ಕೆ 24 ತಂಡಗಳ ಜಾಗ ಮಾಡಿದಾಗ ಅರ್ಹತಾ ಗುಂಪಿನ ಕೊನೆಯ ಸ್ಥಾನಕ್ಕೆ ಬಿದ್ದಿತ್ತು. ಬಾಗಿಲು ಅಗಲವಾದಾಗ ಇವರ ಕಾಲಿನಲ್ಲಿ ಕಸುವು ಇರಲಿಲ್ಲ. 2022ರಲ್ಲಿ ದೇಶದ ತಂಡ ಬಿಡುವಾಗ ಇವನ ಲೆಕ್ಕ 95 ಪಂದ್ಯ, 32 ಗೋಲು. ಗೋಲಿನಲ್ಲಿ ದೇಶದ ದಾಖಲೆ, ಅದೂ ಮಿಡ್‌ಫೀಲ್ಡರ್ ಹೆಸರಲ್ಲಿ.

ಮೂಲೆಬಾವುಟ:
ಬಾಕು ವಿಷಯ ಯಾರೂ ಎತ್ತಲಿಲ್ಲವಲ್ಲ. 2019ರ ಯುರೋಪಾ ಲೀಗ್ ಫೈನಲ್, ಆರ್ಸೆನಲ್ ಮತ್ತು ಚೆಲ್ಸಿ, ನಡೆದದ್ದು ಅಜರ್‌ಬೈಜಾನಿನ ಬಾಕುವಿನಲ್ಲಿ. ಅರ್ಮೇನಿಯಾ-ಅಜರ್‌ಬೈಜಾನ್ ವೈರದಿಂದ ಸುರಕ್ಷತೆಯ ಭಯ, ಅವನು ತಂಡದ ಜತೆ ಹೋಗಲೇ ಇಲ್ಲ. ಡಾರ್ಟ್‌ಮುಂಡ್‌ನಲ್ಲಿದ್ದಾಗ ಅಲ್ಲಿನ ಗಬಾಲಾ ಕ್ಲಬ್ಬಿನ ಪಂದ್ಯಕ್ಕೂ ಹೋಗಿರಲಿಲ್ಲ, 2018ರಲ್ಲಿ ಅಲ್ಲಿನದೇ ಕರಾಬಾಗ್ ಕ್ಲಬ್ಬಿನ ಪಂದ್ಯಕ್ಕೂ ಇಲ್ಲ. ಫಾರ್ಮ್ ಇಲ್ಲ ಅಂತ ಬೆಂಚಿನಲ್ಲಿ ಕೂರಿಸಿದರೆ ಸಹಿಸಬಹುದು. ಹುಟ್ಟಿದ ದೇಶದ ಕಾರಣಕ್ಕೆ ಫೈನಲ್ ತಪ್ಪೋದನ್ನು ದೊಡ್ಡ ದೇಶದ ಯಾವ ಆಟಗಾರ ಅನುಭವಿಸಿದ್ದಾನೆ ಹೇಳಿ.

ಎಡಗಾಲು:
ಡಬ್ಲಿನ್ ಪಂದ್ಯದ ತುಣುಕು ಹುಡುಕಿ ನೋಡಿದೆ. ಹೊಟ್ಟೆ ಉರಿಯಿತು. ನನ್ನ ಗೆಳೆಯನಿಗೆ ಸಂಡರ್‌ಲ್ಯಾಂಡ್ ವಿರುದ್ಧ ಹೊಡೆದ ಆ ಸ್ಕಾರ್ಪಿಯನ್ ಕಿಕ್ (ಬೆನ್ನ ಹಿಂದೆ ಹಿಮ್ಮಡಿಯಿಂದ ಹೊಡೆಯೋದು) ಗೋಲನ್ನೂ ಕಳಿಸಲಾ?

ಹಳೇ ಆರು ನಂಬರ್:
ಕಳಿಸಿ. ಆರು ದಿನದ ಮೇಲೆ ಆರ್ಸೆನಲ್‌ನ ಜಿರೂ ಹೊಡೆದ ಅಂಥದ್ದೇ ಗೋಲಿಗೆ ವರ್ಷದ ಅತ್ಯುತ್ತಮ ಗೋಲಿನ ಪುಷ್ಕಾಶ್ ಪ್ರಶಸ್ತಿ ಸಿಕ್ಕಿತು, ಇವನಿಗಿಲ್ಲ ಅಂತ ಒಂದು ಸಾಲು ಸೇರಿಸಿ. ಆದರೆ ಒಂದು ಮಾತು. ಇವನದು ಆಫ್‌ಸೈಡ್ ಆಗಿತ್ತು. ಅದನ್ನು ಅವನೇ ಕಂಡುಹಿಡಿಯಲಿ, ನೀವಾಗಿ ಬಾಯಿ ಬಿಡಬೇಡಿ.