ನೆಂಟರು ಬಾರದ ಮನೆಗಳು

ಸೀನ ಭಾನುವಾರ ಮುಳ್ಳಯ್ಯನಗಿರಿಗೆ ಹೋಗಿ ಬಂದಿದ್ದ. ಸೋಮವಾರ ಬೆಳಗ್ಗೆ ದರ್ಶಿನಿಯ ಮುಂದೆ ಸಿಕ್ಕಾಗ "ಹೇಗಿತ್ತೋ ಬೆಟ್ಟ?" ಎಂದು ಕೇಳಿದೆ.

"ಬೆಟ್ಟ ಯಾರು ನೋಡಿದರು? ಮುಂದೆ ನಿಂತಿದ್ದ ಕಾರಿನ ಹಿಂಭಾಗ ನೋಡಿದೆ. 'ಅಪ್ಪನ ಆಶೀರ್ವಾದ' ಅಂತ ಬರೆದಿತ್ತು. ಮೂರು ಗಂಟೆ ಅದನ್ನೇ ಓದಿದೆ."

ನಮ್ಮದು ನಾಲ್ಕೈದು ಜನರ ಕೂಟ. ಬೆಳಗಿನ ವಾಕಿಂಗ್ ಅರ್ಧ ಗಂಟೆ, ಬೈ ಟೂ ಕಾಫಿ ಒಂದೂವರೆ ಗಂಟೆ. ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು, ಬ್ಯಾಂಕಿನಿಂದ ನಿವೃತ್ತರಾದ ಸರೋಜಕ್ಕ, ಕಂಟ್ರಾಕ್ಟರ್ ಗುಂಡಣ್ಣ, ಸೀನ ಮತ್ತು ನಾನು.

"ಇನ್ನು ಮೇಲೆ ಜನ ಹೋಗದ ದೇಶಕ್ಕೇ ಹೋಗುವುದು" ಎಂದು ಸೀನ ಶಪಥ ಮಾಡಿದ.

ಮೇಷ್ಟ್ರು ಕೈಯಲ್ಲಿದ್ದ ವಡೆಯನ್ನು ತಟ್ಟೆಗೆ ಇಟ್ಟರು. ಅವರು ವಡೆ ಕೆಳಗಿಟ್ಟರೆ ಪಾಠ ಶುರು ಎಂದೇ ಅರ್ಥ.

"ನೋಡು, ಫ್ರಾನ್ಸಿಗೆ 2024ರಲ್ಲಿ ಹೊರಗಿನಿಂದ ಬಂದವರು ಸುಮಾರು 10 ಕೋಟಿ. ಆ ದೇಶದ ಜನಸಂಖ್ಯೆ 7 ಕೋಟಿ ಕೂಡ ಮುಟ್ಟಿಲ್ಲ."

"ಅಯ್ಯೋ, ಮನೆಯವರಿಗಿಂತ ನೆಂಟರೇ ಜಾಸ್ತಿ!" ಎಂದರು ಸರೋಜಕ್ಕ. "ಹಾಸಿಗೆ ದಿಂಬು ಎಲ್ಲಿಂದ ಹೊಂದಿಸುವುದು?"

"ಅದೇ ಟುವಾಲು ಅಂತ ಒಂದು ದೇಶ ಇದೆ. ಅಲ್ಲಿಗೆ ಇಡೀ ವರ್ಷಕ್ಕೆ ಬರುವವರು ಕೆಲವೇ ಸಾವಿರ."

"ಟುವಾಲಾ?" ಗುಂಡಣ್ಣ ಹೆಗಲ ಮೇಲಿನದನ್ನು ಮುಟ್ಟಿ ನೋಡಿಕೊಂಡ. "ಮೈ ಒರೆಸಿಕೊಳ್ಳುವುದಾ?"

"ಪೆಸಿಫಿಕ್ ಸಾಗರದಲ್ಲಿದೆಯಪ್ಪಾ. ಒಂಬತ್ತು ದ್ವೀಪ, ಎಲ್ಲ ಸೇರಿ 26 ಚದರ ಕಿಲೋಮೀಟರ್. ಜನ ಸುಮಾರು 11 ಸಾವಿರ. ವಿಮಾನ ಬರುವುದು ಫಿಜಿಯಿಂದ, ಅದೂ ವಾರಕ್ಕೆ ಕೆಲವೇ ಸಲ."

ಸರೋಜಕ್ಕನಿಗೆ ತಕ್ಷಣ ಅರ್ಥವಾಯಿತು. "ಅಂದರೆ ನಮ್ಮ ಸೋದರತ್ತೆಯ ಊರು. ದಿನಕ್ಕೆ ಒಂದೇ ಬಸ್ಸು, ತಪ್ಪಿದರೆ ಅಲ್ಲೇ ಮಲಗಬೇಕು. ಅತ್ತೆ ಬಂಗಾರದಂಥವರು, ಹೋಳಿಗೆಯಂತೂ ಕೇಳಲೇಬೇಡಿ. ಆದರೂ ನಾವು ಹೋಗಿದ್ದು ಎರಡೇ ಸಲ. ಬಸ್ಸಿಲ್ಲದೆ ಹೋಳಿಗೆ ಏನು ಮಾಡುತ್ತೆ?"

ಮೇಷ್ಟ್ರು ಬಿಡಲಿಲ್ಲ. ಅಲ್ಲಿನ ರನ್‌ವೇಯನ್ನು 1943ರಲ್ಲಿ ಅಮೆರಿಕದ ಸೈನ್ಯ ಯುದ್ಧಕ್ಕೆಂದು ಹಾಕಿದ್ದಂತೆ. ಊರಿನಲ್ಲಿ ಬಯಲು ಕಡಿಮೆ ಇರುವ ಕಾರಣ ಸಂಜೆ ಹುಡುಗರು ಅದರ ಮೇಲೆಯೇ ವಾಲಿಬಾಲ್, ಫುಟ್‌ಬಾಲ್ ಆಡುತ್ತಾರೆ. ವಿಮಾನ ಬರುವಾಗ ಸೈರನ್ ಕೂಗುತ್ತದೆ. ಎಲ್ಲರೂ ಬದಿಗೆ ಸರಿಯುತ್ತಾರೆ.

"ನಮ್ಮ ಬೀದಿ ಕ್ರಿಕೆಟ್ಟಿನಲ್ಲಿ ಸ್ಕೂಟರ್ ಬಂದಾಗ ಸ್ಟಂಪ್ ಎತ್ತುತ್ತಿದ್ದೆವಲ್ಲ, ಹಾಗೆ" ಎಂದೆ.

"ಸಿಕ್ಸ್ ಹೊಡೆದರೆ ಚೆಂಡು ಸಮುದ್ರಕ್ಕೆ. ಸಿಕ್ಸ್ ಹೊಡೆದವನೇ ಔಟ್" ಎಂದ ಗುಂಡಣ್ಣ.

"ಇನ್ನೂ ಕೇಳಿ. ಅಲ್ಲಿ ಮೊದಲ ಎಟಿಎಂ ಬಂದಿದ್ದು 2025ರ ಏಪ್ರಿಲ್‌ನಲ್ಲಿ."

ಸರೋಜಕ್ಕ ಲೋಟ ಕೆಳಗಿಟ್ಟರು. "ಹಾಗಾದರೆ ಅಷ್ಟು ವರ್ಷ ಎಲ್ಲರೂ ಕೌಂಟರಿಗೇ ಬರುತ್ತಿದ್ದರಾ? ಆ ಕ್ಯಾಷಿಯರ್‌ಗೆ ಕೈ ಮುಗಿಯಬೇಕು."

ಆದರೆ ಟುವಾಲು ಬಡಪಾಯಿ ಎಂದುಕೊಳ್ಳಬೇಡಿ. ವೆಬ್ ವಿಳಾಸದ ಕೊನೆಗೆ ಭಾರತಕ್ಕೆ 'ಇನ್' ಇದ್ದ ಹಾಗೆ ಅವರ ಪಾಲಿಗೆ ಬಂದಿದ್ದು 'ಟಿವಿ'. ವಿಡಿಯೋ ಕಂಪನಿಗಳಿಗೆಲ್ಲ ಅದು ಬೇಕು. ವರ್ಷಾವರ್ಷ ಕೋಟಿಗಟ್ಟಲೆ ದುಡ್ಡು ಬರುತ್ತದೆ. ನೆಂಟರು ಬರಲಿ ಬಿಡಲಿ, ಬಾಗಿಲ ಮೇಲಿನ ಹೆಸರಿನ ಬೋರ್ಡನ್ನೇ ಬಾಡಿಗೆಗೆ ಬಿಟ್ಟವರು ಅವರು. ಇಂಥ ಬಾಡಿಗೆದಾರ ಯಾರಿಗೆ ಸಿಗುತ್ತಾನೆ ಹೇಳಿ? ಸುಣ್ಣ ಬಳಿಸಿ ಅನ್ನುವುದಿಲ್ಲ, ನಲ್ಲಿ ಸೋರುತ್ತಿದೆ ಅನ್ನುವುದಿಲ್ಲ.

"ಬೇಡ. ವಾಲಿಬಾಲ್ ಆಡುವಾಗ ವಿಮಾನ ಬಂದರೆ ಓಡುವುದಕ್ಕೆ ನನ್ನ ಮಂಡಿ ಒಪ್ಪಲ್ಲ" ಎಂದ ಸೀನ. "ಬೇರೆ ಹೇಳಿ."

"ನೌರು. 21 ಚದರ ಕಿಲೋಮೀಟರ್. ದ್ವೀಪದ ಸುತ್ತ ಒಂದೇ ರಸ್ತೆ, 19 ಕಿಲೋಮೀಟರ್."

ಅಂದರೆ ನಾನು ಮಲ್ಲೇಶ್ವರದಿಂದ ಜಯನಗರದ ನಾದಿನಿಯ ಮನೆಗೆ ಹೋಗುವಷ್ಟರಲ್ಲಿ ಆ ದೇಶಕ್ಕೆ ಎರಡು ಪ್ರದಕ್ಷಿಣೆ ಹಾಕಬಹುದು.

"ಅಲ್ಲಿ ಸಿಕ್ಕಿದ್ದು ಫಾಸ್ಫೇಟ್, ಗೊಬ್ಬರಕ್ಕೆ ಬಳಸುವುದು. ಹಕ್ಕಿಗಳ ಹಿಕ್ಕೆಯಿಂದ ಆದದ್ದು ಎನ್ನುತ್ತಾರೆ. 1968ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಅದನ್ನು ಅಗೆದು ಮಾರಿದರು. ತಲಾ ಆದಾಯದಲ್ಲಿ ಪ್ರಪಂಚದ ದೊಡ್ಡ ಶ್ರೀಮಂತರ ಸಾಲಿಗೆ ಬಂದರು. ಮೆಲ್ಬರ್ನ್ ನಗರದಲ್ಲಿ 52 ಮಹಡಿಯ ಕಟ್ಟಡ ಕಟ್ಟಿಸಿದರು. ಅಲ್ಲಿನ ಜನ ಅದಕ್ಕೆ ಇಟ್ಟ ಅಡ್ಡಹೆಸರು 'ಹಿಕ್ಕೆ ಗೋಪುರ'."

ಗುಂಡಣ್ಣನ ಕಿವಿ ನೆಟ್ಟಗಾಯಿತು. ಅಗೆಯುವುದು, ಕಟ್ಟುವುದು ಅವನ ಕುಲಕಸುಬು. "ಆಮೇಲೆ?"

"ಆಮೇಲೇನು, ಫಾಸ್ಫೇಟ್ ಮುಗಿಯುತ್ತಾ ಬಂತು. 2004ರಲ್ಲಿ ಕಟ್ಟಡ ಮಾರಿದರು. ದ್ವೀಪದ ನಡುಭಾಗವೆಲ್ಲ ಈಗ ಬರೀ ಕಲ್ಲಿನ ಕೊರಕಲು. ಆಸ್ಟ್ರೇಲಿಯ ತನಗೆ ಬೇಡವಾದ ವಲಸಿಗರನ್ನು ಅಲ್ಲಿ ಇರಿಸಿತು."

ಯಾರೂ ಮಾತಾಡಲಿಲ್ಲ. ನಮ್ಮೆಲ್ಲರ ಬಳಗದಲ್ಲೂ ಇಂಥ ಒಂದು ಮನೆ ಇದೆ. ಅಡಿಕೆ ತೋಟ ಮಾರಿ, ಕಾರು ತಂದು, ಕಾರು ಮಾರಿ, ಕೊನೆಗೆ ಜಗಲಿಯನ್ನೂ ಬಾಡಿಗೆಗೆ ಕೊಟ್ಟ ಮನೆ. ಅಲ್ಲಿಗೆ ಹೋಗಿ ಏನು ಮಾತಾಡುವುದೆಂದೇ ತಿಳಿಯದೆ ಯಾರೂ ಹೋಗುವುದಿಲ್ಲ.

ಸರ್ವರ್ ಬಂದು ಟೇಬಲ್ ಒರೆಸಿದ. ಹೊರಡಿ ಎಂದು ಅದರ ಅರ್ಥ. ನಾವು ಇನ್ನೊಂದು ಬೈ ಟೂ ಹೇಳಿದೆವು.

"ಯೂರೋಪಿನಲ್ಲಿ ಇಂಥವು ಇಲ್ಲವಾ?" ಎಂದ ಸೀನ.

"ಮೊಲ್ಡೋವಾ ಇದೆ. ರುಮೇನಿಯಾದ ಪಕ್ಕ. ಹೆಸರೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಲ್ಯಾಣ ಮಂಟಪದ ಹಿಂದಿನ ಮನೆ ಇದ್ದ ಹಾಗೆ. ಅಲ್ಲಿ ನೆಲದಡಿ ಸುಮಾರು 200 ಕಿಲೋಮೀಟರ್ ಸುರಂಗ ಇದೆ, ಅದರ ಒಂದು ಭಾಗದಲ್ಲಿ ವೈನ್ ಇಡುತ್ತಾರೆ."

"ಮೈಸೂರು ಆಚೆಗೂ ಹೋಗುತ್ತಲ್ಲ ಮೇಷ್ಟ್ರೇ!" ಗುಂಡಣ್ಣ ಫೋನ್ ತೆಗೆದು ಟಿಕೆಟ್ ದರ ಹುಡುಕಲು ಶುರು ಮಾಡಿದ. ಆಮೇಲೆ ಹತ್ತು ನಿಮಿಷ ಅವನು ನಮ್ಮ ಜೊತೆ ಇರಲಿಲ್ಲ.

"ದಾರಿ ಇದೆ, ದುಡ್ಡಿದೆ, ನೋಡುವುದಕ್ಕೂ ಇದೆ, ಆದರೂ ಜನ ಹೋಗುವುದಿಲ್ಲ. ಅಂಥದ್ದೂ ಇದೆ" ಎಂದರು ಮೇಷ್ಟ್ರು. ಇದು ಅವರ ಮೆಚ್ಚಿನ ಪಾಠ ಎಂದು ಕಾಣುತ್ತದೆ, ಧ್ವನಿ ಏರಿತು. "ತುರ್ಕಮೆನಿಸ್ತಾನ! ಮರುಭೂಮಿಯ ನಡುವೆ ದರ್ವಾಜಾ ಅಂತ ಜಾಗ. ಸುಮಾರು 70 ಮೀಟರ್ ಅಗಲದ ಗುಂಡಿ, ಅದರೊಳಗೆ ಗ್ಯಾಸ್ ಹತ್ತಿಕೊಂಡು ಅರ್ಧ ಶತಮಾನದಿಂದ ಉರಿಯುತ್ತಿದೆ. ಈಚೆಗೆ ಉರಿ ಸಾಕಷ್ಟು ತಗ್ಗಿದೆ."

"ಸಿಲಿಂಡರ್ ಬುಕ್ ಮಾಡಿ ವಾರ ಕಾಯುವ ನಮಗೆ ಇದನ್ನು ಹೇಳಬಾರದಿತ್ತು" ಎಂದರು ಸರೋಜಕ್ಕ.

"ರಾಜಧಾನಿ ಅಶ್ಗಾಬಾತ್ ಪೂರ್ತಿ ಬಿಳಿ ಅಮೃತಶಿಲೆ. 2013ರಲ್ಲಿ ಗಿನ್ನೆಸ್ ದಾಖಲೆಯವರು ಎಣಿಸಿದಾಗ 543 ಕಟ್ಟಡ. ಮೊದಲ ಅಧ್ಯಕ್ಷ ನಿಯಾಜೊವ್ ತಿಂಗಳ ಹೆಸರನ್ನೇ ಬದಲಿಸಿದ್ದ. ಜನವರಿಗೆ ತನ್ನ ಬಿರುದು, ಏಪ್ರಿಲ್‌ಗೆ ಅಮ್ಮನ ಹೆಸರು. ತನ್ನದೊಂದು ಚಿನ್ನದ ಪ್ರತಿಮೆ ಮಾಡಿಸಿದ್ದ. ಸೂರ್ಯ ಹೋದ ಕಡೆ ಅದೂ ತಿರುಗುತ್ತಿತ್ತು. ಅವನ ನಂತರ ಬಂದವನು ನಾಯಿಪ್ರಿಯ. 2020ರಲ್ಲಿ ಅಲಬಾಯ್ ತಳಿಯ ನಾಯಿಗೆ ಚಿನ್ನದ ಪ್ರತಿಮೆ ನಿಲ್ಲಿಸಿದ."

"ಇಷ್ಟೆಲ್ಲ ಇದ್ದೂ ಜನ ಯಾಕೆ ಹೋಗುವುದಿಲ್ಲ?"

"ಒಳಗೆ ಬಿಟ್ಟರೆ ತಾನೆ? ಮೊದಲು ಅಲ್ಲಿನವರಿಂದ ಆಹ್ವಾನ ಪತ್ರ ತರಿಸಬೇಕು. ಆಮೇಲೆ ವೀಸಾ. ಊರು ಸುತ್ತುವುದಕ್ಕೆ ಜೊತೆಗೊಬ್ಬ ಗೈಡ್."

"ನಮ್ಮ ದೊಡ್ಡ ಮಾವ!" ಸರೋಜಕ್ಕ ಟೇಬಲ್ ಕುಟ್ಟಿದರು. "ಗೇಟ್ ತೆಗೆಯುವ ಮೊದಲೇ ಕೇಳುತ್ತಿದ್ದರು, ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ. ಬಚ್ಚಲಿಗೆ ಹೋದರೂ ಹಿಂದೆ ಬಂದು ಲೈಟ್ ಆರಿಸಿದೆಯಾ ಅಂತ ನೋಡುವರು. ಮನೆ ಮಾತ್ರ ಅರಮನೆ."

ಸೀನನ ಮುಖ ಬಾಡಿತು. ಹತ್ತಿರದ್ದು ಯಾವುದಾದರೂ ಇರಲಿ ಎಂದು ನಾನು ಭೂತಾನ್ ಎಂದೆ. 1974ರವರೆಗೆ ಅಲ್ಲಿಗೆ ವಿದೇಶಿ ಪ್ರವಾಸಿಗರಿಗೆ ಬಾಗಿಲೇ ತೆರೆದಿರಲಿಲ್ಲ. ಈಗಲೂ ಅವರಿಗೆ ಕಡಿಮೆ ಜನವೇ ಬೇಕು. ಬೇರೆ ದೇಶದವರಿಗೆ ರಾತ್ರಿಗೆ 100 ಡಾಲರ್ ಶುಲ್ಕ, ನಮಗೆ 1200 ರೂಪಾಯಿ.

ಗುಂಡಣ್ಣ ಮೊಲ್ಡೋವಾದಿಂದ ಮರಳಿ ಬಂದು ಲೆಕ್ಕ ಹಾಕಿದ. "ಐದು ಜನ, ಆರು ರಾತ್ರಿ. 36 ಸಾವಿರ! ಇನ್ನೂ ರೂಮಿಲ್ಲ, ಊಟ ಇಲ್ಲ. ಬರೀ ಅಲ್ಲಿ ಉಸಿರಾಡುವುದಕ್ಕೆ!"

"ತಪ್ಪೇನು? ಮುಳ್ಳಯ್ಯನಗಿರಿಗೂ ಇಷ್ಟು ಹಾಕಿದ್ದರೆ ನೀನು ಬೆಟ್ಟ ನೋಡುತ್ತಿದ್ದೆ" ಎಂದರು ಮೇಷ್ಟ್ರು.

"ಹಾಕಿದ್ದರೆ ನಾನು ಹೋಗುತ್ತಲೇ ಇರಲಿಲ್ಲ" ಎಂದ ಸೀನ.

ಅಷ್ಟರಲ್ಲಿ ಸರೋಜಕ್ಕ ಅವನನ್ನೇ ದಿಟ್ಟಿಸಿ ನೋಡಿದರು. "ಅಲ್ವೋ ಸೀನ, ಹನ್ನೆರಡು ವರ್ಷದಿಂದ ಒಟ್ಟಿಗೆ ಕಾಫಿ ಕುಡಿಯುತ್ತಿದ್ದೇವೆ. ನಿನ್ನ ಮನೆ ನಮ್ಮಲ್ಲಿ ಯಾರು ನೋಡಿದ್ದಾರೆ?"

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ನೋಡಿರಲಿಲ್ಲ.

"ಅಯ್ಯೋ, ಅದಕ್ಕೇನಂತೆ! ಈ ಭಾನುವಾರವೇ ಬನ್ನಿ" ಎಂದ ಸೀನ. "ಆದರೆ ಹಿಂದಿನ ದಿನ ಮೆಸೇಜ್ ಮಾಡಿ. ಅಪಾರ್ಟ್‌ಮೆಂಟಿನ ಆ್ಯಪ್‌ನಲ್ಲಿ ನಿಮ್ಮ ಹೆಸರು ಹಾಕಬೇಕು, ಒಟಿಪಿ ಬರುತ್ತೆ, ಅದನ್ನು ಗೇಟಿನಲ್ಲಿ ಹೇಳಬೇಕು. ಫೋಟೋ ತೆಗೆಯುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ನಾನೇ ಕೆಳಗೆ ಬಂದು ಕರೆದುಕೊಂಡು ಹೋಗುತ್ತೇನೆ. ನೀವಾಗಿ ಮಾತ್ರ ಮೇಲೆ ಬರಬೇಡಿ, ನಾಯಿ ಇದೆ."

ಗುಂಡಣ್ಣ ಫೋನಿನಿಂದ ತಲೆ ಎತ್ತಿದ.

"ಚಿನ್ನದ್ದಾ?"