ಭುಜದ ಆರ್ತ್ರೋಸ್ಕೊಪಿ ಕ್ಲೇಮ್: ನರ್ವ್ ಬ್ಲಾಕ್ ಕೋಡ್ 64415 ಡಿನೈ ಆಗಿದೆ, 59 ಮಾಡಿಫೈಯರ್ ಹಾಕಿದರೆ ಸಾಕೇ?

ಪ್ರಶ್ನೆ:
ನಮಸ್ಕಾರ. ಅಮೆರಿಕದ ಮೆಡಿಕೇರ್ ಕ್ಲೇಮ್ ಒಂದು ಎರಡು ದಿನದಿಂದ ತಲೆ ತಿಂತಿದೆ. ರೊಟೇಟರ್ ಕಫ್ ರಿಪೇರಿ, ಜನರಲ್ ಅನಸ್ತೇಶಿಯಾ, ಜೊತೆಗೆ ಅಲ್ಟ್ರಾಸೌಂಡ್ ನೋಡಿಕೊಂಡು ಹಾಕಿದ ಇಂಟರ್‌ಸ್ಕೇಲೀನ್ ಬ್ಲಾಕ್ (ಭುಜ ಮರಗಟ್ಟಲು ಕತ್ತಿನ ಬದಿಯ ನರಗಳ ಹತ್ತಿರ ಕೊಡುವ ಇಂಜೆಕ್ಷನ್). ಕಳಿಸಿದ ಕೋಡ್‌ಗಳು 01630-ಎಎ (ಡಾಕ್ಟರೇ ಖುದ್ದು ಕೊಟ್ಟ ಅನಸ್ತೇಶಿಯಾ), 64415 (ಬ್ಲಾಕ್), 76942-26 (ಅಲ್ಟ್ರಾಸೌಂಡ್‌ನಲ್ಲಿ ಡಾಕ್ಟರ ಪಾಲು). ಮೊದಲನೆಯದಕ್ಕೆ ದುಡ್ಡು ಬಂತು, ಉಳಿದೆರಡೂ ಬಂಡಲ್, ಅಂದರೆ ಬೇರೆ ಕೋಡ್‌ನಲ್ಲೇ ಸೇರಿವೆ, ಅಂತ ಡಿನೈ. 64415ಕ್ಕೆ 59 (ಇದು ಪ್ರತ್ಯೇಕ ಸೇವೆ ಅಂತ ಹೇಳುವ ಮಾಡಿಫೈಯರ್) ಹಾಕಿ ಕಳಿಸಿಬಿಡಲಾ ಮೇಡಂ?

ಉತ್ತರ:
ತಡೀರಿ, ಈಗಲೇ ಕಳಿಸಬೇಡಿ. 76942 ಕೈಬಿಡಿ. 2023ರಿಂದ 64415ರ ವಿವರಣೆಯಲ್ಲೇ ಇಮೇಜಿಂಗ್ ಸೇರಿಕೊಂಡಿದೆ, ಅಪೀಲ್ ಹಾಕಿದರೂ ದಕ್ಕಲ್ಲ.

64415ರ ವಿಷಯ ಬೇರೆ. ಆ ಬ್ಲಾಕೇ ಆಪರೇಷನ್ನಿನ ಮುಖ್ಯ ಅರಿವಳಿಕೆ ಆಗಿದ್ದರೆ 01630ರಲ್ಲೇ ಬಂದುಹೋಯ್ತು. ಆಮೇಲಿನ ನೋವಿಗೆಂದೇ ಹಾಕಿದ್ದು, ಸರ್ಜನ್ ಕೇಳಿದ್ದು ದಾಖಲೆಯಲ್ಲಿದ್ದರೆ ಮಾತ್ರ 59 ಅಥವಾ ಅದರಂಥದೇ ಮಾಡಿಫೈಯರ್ ಎಕ್ಸ್‌ಯು ಹಾಕಬಹುದು. ಅನಸ್ತೇಶಿಯಾ ರೆಕಾರ್ಡ್ ತೆಗೆದು ಆ ಸಾಲನ್ನೂ ಬ್ಲಾಕ್ ಹಾಕಿದ ಸಮಯವನ್ನೂ ಹೇಳಿ.

ಪ್ರಶ್ನೆ ಕೇಳಿದವರು:
‘ಸರ್ಜನ್ ಕೋರಿಕೆಯಂತೆ, ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ’ ಅಂತ ಸ್ಪಷ್ಟವಾಗಿದೆ. ಅನಸ್ತೇಶಿಯಾ ಶುರು 7:05, ಬ್ಲಾಕ್ 7:10ರಿಂದ 7:22, ಇಂಡಕ್ಷನ್ (ಜನರಲ್ ಅನಸ್ತೇಶಿಯಾ ಕೊಟ್ಟು ಪ್ರಜ್ಞೆ ತಪ್ಪಿಸಿದ್ದು) 7:31, ಮುಗಿದದ್ದು 9:20. ನಾವು 135 ನಿಮಿಷ ಹಾಕಿದ್ದೆವು.

ಉತ್ತರ:
ನಾನು ಹೆದರಿದ್ದು ಇದಕ್ಕೇ. ಹೀಗೆ ಬೇರೆಯಾಗಿ ಬಿಲ್ ಮಾಡುವ ಬ್ಲಾಕನ್ನು ಇಂಡಕ್ಷನ್‌ಗೆ ಮುಂಚೆ ಹಾಕಿದ್ದರೆ ಅದರ ಸಮಯ ಅನಸ್ತೇಶಿಯಾ ಲೆಕ್ಕಕ್ಕೆ ಬರೋದಿಲ್ಲ. 12 ನಿಮಿಷ ಕಳೆದರೆ 123. ಹದಿನೈದು ನಿಮಿಷಕ್ಕೆ ಒಂದು ಯೂನಿಟ್, ಅಂದರೆ 8.2, 01630ಕ್ಕೆ ನಿಗದಿಯಾದ ಬೇಸ್ ಯೂನಿಟ್ 5 ಸೇರಿ 13.2. ನೀವು ತಗೊಂಡಿರೋದು 14! ಸುಮ್ಮನೆ 59 ಅಂಟಿಸಿದ್ದರೆ ಅದೇ ಹನ್ನೆರಡು ನಿಮಿಷಕ್ಕೆ ಎರಡು ಸಲ ದುಡ್ಡು ಕೇಳಿದ ಹಾಗಾಗ್ತಿತ್ತು. ದಯವಿಟ್ಟು ಎರಡೂ ಸಾಲು ಒಟ್ಟಿಗೆ ಸರಿಮಾಡಿ. 64415ಕ್ಕೆ ಜಿ89.18 (ಶಸ್ತ್ರಚಿಕಿತ್ಸೆಯ ನಂತರದ ತೀವ್ರ ನೋವು) ಡಯಾಗ್ನೋಸಿಸ್ ಕೊಟ್ಟಿದ್ದೀರಾ, ಅದನ್ನೂ ನೋಡಿ. ಖಾಸಗಿ ಇನ್ಶೂರೆನ್ಸ್‌ಗೆ ಕಳಿಸುವಂತೆ ಫ್ರೀಕ್ವೆನ್ಸಿ ಕೋಡ್ 7 (ಹಳೆ ಕ್ಲೇಮಿನ ಬದಲಿಗೆ ಇದು ಅನ್ನುವ ಗುರುತು) ಹಾಕಿದರೆ ಮೆಡಿಕೇರ್ ಪಾರ್ಟ್ ಬಿಯಲ್ಲಿ (ಡಾಕ್ಟರ ಸೇವೆಗಳ ಭಾಗ) ನಡೆಯಲ್ಲ, ರೀಓಪನಿಂಗ್ ಕೇಳಿ, ಅಂದರೆ ಅದೇ ಕ್ಲೇಮ್ ಮತ್ತೆ ತೆರೆದು ತಿದ್ದಲು ಹೇಳಿ.

ಪ್ರಶ್ನೆ ಕೇಳಿದವರು:
ಆಯ್ತು ಮೇಡಂ! 64415 ಪಾಸಾಯ್ತು, 01630ರಲ್ಲಿ 0.8 ಯೂನಿಟ್‌ನ ದುಡ್ಡು ವಾಪಸ್ ಹೋಯ್ತು. ತುಂಬಾ ಥ್ಯಾಂಕ್ಸ್. ಅದೇ ಡಾಕ್ಟರ ಇನ್ನಾರು ಚಾರ್ಟ್ ತೆಗೆದು ನೋಡ್ತಿದ್ದೀನಿ. ಮೂರರಲ್ಲಿ ಬ್ಲಾಕ್ ಸಮಯವನ್ನೇ ಬರೆದಿಲ್ಲ. ಸಾಮಾನ್ಯವಾಗಿ ಹತ್ತು ನಿಮಿಷ ಹಿಡಿಯುತ್ತಲ್ಲ, ಅಷ್ಟು ಕಳೆಯಲಾ?

ಉತ್ತರ:
ಬೇಡ, ಊಹೆ ಮಾಡಿ ತುಂಬಬೇಡಿ. ಮೂರಕ್ಕೂ ಡಾಕ್ಟರಿಗೆ ಕ್ವೆರಿ (ದಾಖಲೆ ಸ್ಪಷ್ಟಪಡಿಸಲು ಕೇಳುವ ಪ್ರಶ್ನೆ) ಹಾಕಿ, ಅವರು ಉತ್ತರಿಸುವ ತನಕ ಹೋಲ್ಡ್‌ನಲ್ಲಿಡಿ.