ಬಿಳಿ ಮಂಜು ತೆಗೆದರೆ ಒಲೆಯ ಬೂದಿ ಬರುತ್ತಿದೆ, ಯಾಕೆ?

ತೋಟದಮನೆ, ಶಿರಸಿ:

ಚಿಕ್ಕಪ್ಪನ ಹಳೆಯ ಫಿಲ್ಮ್ ಕ್ಯಾಮೆರಾ, ಯಾಶಿಕಾ ಮ್ಯಾಟ್ 124ಜಿ, ಕಳೆದ ಮಳೆಗಾಲದಲ್ಲಿ ನನ್ನ ಪಾಲಿಗೆ ಬಂತು. ತೋಟದ ಪಾಲಿಗಿಂತ ಇದರ ಪಾಲು ಸುಲಭವಾಗಿ ಆಯಿತು, ಯಾರೂ ಕೇಳಲಿಲ್ಲ. ಲೆನ್ಸಿಗೆ ಫಂಗಸ್ ಹಿಡಿದಿರಲಿಲ್ಲ. ಎರಡು ರೋಲನ್ನು ನಾಯಿಯ ಮೇಲೆ, ಅಂಗಳದ ಅಡಿಕೆ ಚಪ್ಪರದ ಮೇಲೆ ಖರ್ಚು ಮಾಡಿ ಕೈ ಪಳಗಿಸಿಕೊಂಡೆ. ಒಳ್ಳೆಯ ಬಿಸಿಲಿತ್ತು, ಎಕ್ಸ್‌ಪೋಷರ್ ಅಂದಾಜಿನಲ್ಲೇ ಇಟ್ಟೆ. ಚೆನ್ನಾಗಿಯೇ ಬಂದವು.

ಮೂರನೆಯದು ಚಳಿಗಾಲಕ್ಕೆಂದೇ ಎತ್ತಿಟ್ಟಿದ್ದ ಕಪ್ಪುಬಿಳುಪು ಫಿಲ್ಮು, ಇಲ್ಫರ್ಡ್ ಎಚ್‌ಪಿ5 ಪ್ಲಸ್. ಸಂಕ್ರಾಂತಿ ಕಳೆದ ವಾರ ಬೆಳಿಗ್ಗೆ ಏಳಕ್ಕೆ ತೋಟಕ್ಕೆ ಇಳಿದೆ. ಐದನೆಯ ಮರದ ಆಚೆ ಅಡಿಕೆ ಸಾಲು ಕಾಣುತ್ತಲೇ ಇರಲಿಲ್ಲ. ಸೋಗೆಯಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಮಾತ್ರ. ಅಂದಾಜಿಗೆ ಧೈರ್ಯ ಬರಲಿಲ್ಲ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರಿಗೆ ಹೊಸ ಬ್ಯಾಟರಿ ಹಾಕಿ, ಸೂಜಿ ಹೇಳಿದಂತೆಯೇ ಆರು ಫ್ರೇಮು ತೆಗೆದೆ. ಉಳಿದ ಆರು ನೆರೆಮನೆಯವರ ಆಲೆಮನೆಯಲ್ಲಿ: ಕೊಪ್ಪರಿಗೆಯಿಂದೇಳುವ ಹಬೆ, ಅದರ ಹಿಂದೆ ಅರ್ಧ ಕಾಣುವ ಬೆಟ್ಟ.

ಊರಿನಲ್ಲಿ ಫಿಲ್ಮ್ ತೊಳೆಯುವವರಿಲ್ಲ. ಕೊರಿಯರ್‌ನಲ್ಲಿ ಕಳಿಸಿ ಮೂರು ವಾರ ಕಾದೆ. ಸ್ಕ್ಯಾನ್ ಮಾಡಿ ಕಳಿಸಿದ ಹನ್ನೆರಡೂ ಬೂದಿ. ಮಂಜೂ ಬೂದಿ, ಹಬೆಯೂ ಬೂದಿ, ಮರವೂ ಅದೇ ಬೂದಿಯ ಒಂದು ಕಂಬ. ಹಳದಿ ಫಿಲ್ಟರ್ ಹಾಕಿದ್ದರೆ ಮಂಜು ಸೀಳಿಕೊಂಡು ಬರುತ್ತಿತ್ತು ಎಂದು ಒಬ್ಬರು ಹೇಳಿದರು. ಹೌದೇ? ಡಿಜಿಟಲ್ ತೆಗೆದುಕೋ ಎನ್ನಲು ಮನೆಯಲ್ಲಿ ಮಗನಿದ್ದಾನೆ, ದಯವಿಟ್ಟು ಆ ಸಲಹೆ ಬೇಡ.

ಕತ್ತಲೆಕೋಣೆ, ಕಾರವಾರ:

ಮೂವತ್ತು ವರ್ಷ ಸ್ಟುಡಿಯೋ ನಡೆಸಿ ಬಾಗಿಲು ಹಾಕಿದವನು ನಾನು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ನೋಡಿದ್ದು ಸ್ಕ್ಯಾನು. ಅದು ಆ ಯಂತ್ರದ ಅಭಿಪ್ರಾಯ ಮಾತ್ರ. ನೆಗೆಟಿವ್ ಪಟ್ಟಿಯನ್ನು ಕಿಟಕಿಗೆ ಹಿಡಿಯಿರಿ. ಅಂಚಿನಲ್ಲಿ ಫಿಲ್ಮಿನ ಹೆಸರು, ಫ್ರೇಮಿನ ಸಂಖ್ಯೆ ಅಚ್ಚಾಗಿರುತ್ತದೆ. ಆ ಅಕ್ಷರಗಳೇ ಪೇಲವವಾಗಿದ್ದರೆ ತೊಳೆದವರ ತಪ್ಪು. ಅಕ್ಷರ ಕಪ್ಪಗಿದ್ದು, ಚಿತ್ರದೊಳಗೆ ಮರದ ಕಾಂಡ ಇರಬೇಕಾದ ಕಡೆ ಬರೀ ಗಾಜಿನಂತೆ ಇದ್ದರೆ ಬೆಳಕು ಸಾಲಲಿಲ್ಲ ಎಂದರ್ಥ. ನನ್ನ ಅನುಮಾನ ಎರಡನೆಯದರ ಮೇಲೆ.

ಮೀಟರಿಗೆ ಮಂಜು ಎಂದರೇನೆಂದು ಗೊತ್ತಿಲ್ಲ. ಅದರ ಮುಂದೆ ಸುಣ್ಣ ಹಿಡಿದರೂ ಇದ್ದಿಲು ಹಿಡಿದರೂ ನಡುಬೂದು ಮಾಡಿಯೇ ಕೊಡುತ್ತದೆ. ಚೌಕಟ್ಟಿನ ಮುಕ್ಕಾಲು ಭಾಗ ಬಿಳಿಯಿದ್ದರೆ ಸೂಜಿಯ ಮಾತು ಕೇಳಬಾರದು, ಒಂದೂವರೆ ಸ್ಟಾಪ್ ಹೆಚ್ಚು ಕೊಡಬೇಕು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಅದು 1/60 ಸೆಕೆಂಡು, ಎಫ್/8 ಎಂದರೆ ನೀವು 1/30ಕ್ಕೆ ಇಳಿಸಿ, ಲೆನ್ಸಿನ ಕಂಡಿಯನ್ನು (ಅಪರ್ಚರ್) ಇನ್ನರ್ಧ ಸ್ಟಾಪ್ ತೆರೆಯಿರಿ. ಎಚ್‌ಪಿ5 ಹೆಚ್ಚು ಬೆಳಕನ್ನು ನುಂಗಿಕೊಳ್ಳುತ್ತದೆ, ಕಡಿಮೆಯನ್ನು ಕ್ಷಮಿಸುವುದಿಲ್ಲ.

ಹೊಸ ಬ್ಯಾಟರಿ ಎಂದಿರಿ. ಗಡಿಯಾರದ ಅಂಗಡಿಯಲ್ಲಿ ಸಿಗುವ ಅಲ್ಕಲೈನ್ ತಾನೇ? ಆ ಮೀಟರು 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಹುಟ್ಟಿದ್ದು. ಅದರ ತಯಾರಿಕೆ ಎಂದೋ ನಿಂತಿದೆ. 1.5 ವೋಲ್ಟ್ ಕೊಟ್ಟರೆ ಸೂಜಿ ಉಬ್ಬಿ, ಇಲ್ಲದ ಬೆಳಕನ್ನು ಇದೆ ಎನ್ನುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ 675 ಸಂಖ್ಯೆಯ ಬ್ಯಾಟರಿ ಸುಮಾರು 1.4 ವೋಲ್ಟಿನದು, ಔಷಧದ ಅಂಗಡಿಯಲ್ಲಿ ಕೇಳಿ ನೋಡಿ. ಸಣ್ಣದಾಗುತ್ತದೆ, ಸುತ್ತ ಒಂದು ರಬ್ಬರ್ ಬಳೆ ಕೂರಿಸಿದರೆ ಸಾಕು.

ಇನ್ನು ಹಳದಿ ಫಿಲ್ಟರ್. ನಮ್ಮ ಕರಾವಳಿಯ ಚಳಿಗಾಲದಲ್ಲಿ ಸದಾಶಿವಗಡದ ಮೇಲಿಂದ ನೋಡಿದರೆ ದ್ವೀಪಗಳ ಮೇಲೆ ತಿಳಿನೀಲಿ ಮಬ್ಬು ಕವಿದಿರುತ್ತದೆ. ಅದಕ್ಕೆ ಹಳದಿ ಸ್ವಲ್ಪ ನಾಟುತ್ತದೆ, ಕೆಂಪು ಇನ್ನೂ ಚೆನ್ನಾಗಿ ನಾಟುತ್ತದೆ. ನಿಮ್ಮ ಘಟ್ಟದ ಮಂಜು ಬೇರೆ ಜಾತಿ. ನೀರಿನ ಹನಿ ದಪ್ಪ, ಎಲ್ಲ ಬಣ್ಣವನ್ನೂ ಒಂದೇ ಸಮನೆ ಚೆದುರಿಸುತ್ತದೆ. ಅಲ್ಲಿ ಯಾವ ಫಿಲ್ಟರೂ ಏನನ್ನೂ ಸೀಳುವುದಿಲ್ಲ, ಇರುವ ಬೆಳಕನ್ನೂ ತಿನ್ನುತ್ತದೆ.

ಜೇನುಕಲ್ಲು, ಯಲ್ಲಾಪುರ:

ಭಾವಯ್ಯ, ತಪ್ಪು ತಿಳಿಯಬೇಡಿ. ಮಂಜಿನಲ್ಲಿ ವಿವರವೇ ಇರುವುದಿಲ್ಲ. ಇಲ್ಲದ ವಿವರ ಹಿಡಿಯಲು ಅಷ್ಟು ದೊಡ್ಡ ನೆಗೆಟಿವ್ ಯಾಕೆ? ನಾನು ಜೇನುಕಲ್ಲು ಗುಡ್ಡಕ್ಕೆ 35 ಎಂಎಂ ಒಯ್ಯುತ್ತೇನೆ, ಒಂದು ರೋಲಿಗೆ 36 ಚಿತ್ರ, ಜೇಬಿನಲ್ಲೇ ಇರುತ್ತದೆ.

ಒಂದು ಉಪಯೋಗದ ಮಾತು: ನಸುಕಿನಲ್ಲಿ ತೆಗೆಯುವುದಾದರೆ ಫಿಲ್ಮಿನ ಆಲಸ್ಯವನ್ನು ಲೆಕ್ಕಕ್ಕೆ ಹಿಡಿಯಿರಿ, ಹೆಚ್ಚು ಹೊತ್ತು ತೆರೆದಿಟ್ಟರೆ ಅದು ಬೆಳಕು ಹಿಡಿಯುವುದು ನಿಧಾನವಾಗುತ್ತದೆ. ಎಚ್‌ಪಿ5ಗೆ ಮೀಟರು ಹತ್ತು ಸೆಕೆಂಡು ಎಂದರೆ ಇಪ್ಪತ್ತು ಕೊಡಬೇಕು.

ಕತ್ತಲೆಕೋಣೆ, ಕಾರವಾರ:

ಜೇನುಕಲ್ಲು ಅವರೇ, ಸರಿಯಾಗಿ ತಿರುಗುಮುರುಗು ಹೇಳಿದಿರಿ. ಎಲೆ, ಕಲ್ಲು, ಬಲೆ ಇದ್ದ ಕಡೆ ಫಿಲ್ಮಿನ ಕಾಳು ಅಡಗಿಕೊಳ್ಳುತ್ತದೆ. ಏನೂ ಇಲ್ಲದ ತಿಳಿಬೂದಿನ ಬಯಲಿನಲ್ಲೇ ಅದು ರವೆಯಂತೆ ಎದ್ದು ಕಾಣುವುದು. ಯಾಶಿಕಾದ ಚೌಕ 56 ಎಂಎಂ, ನಿಮ್ಮದು 24ಕ್ಕೆ 36. ವಿಸ್ತೀರ್ಣದಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು. ಒಂದೇ ಅಳತೆಯ ಪ್ರಿಂಟಿಗೆ ಅಷ್ಟು ಕಡಿಮೆ ಹಿಗ್ಗಿಸಿದರೆ ಸಾಕು, ಬಿಳಿಯಿಂದ ಬೂದಿಗೆ ಇಳಿಯುವುದು ಮಜ್ಜಿಗೆ ಸುರಿದಷ್ಟು ನಯವಾಗಿರುತ್ತದೆ. ಮಂಜಿಗೆ ದೊಡ್ಡ ನೆಗೆಟಿವ್ ಬೇಕಾಗುವುದು ಅದಕ್ಕೇ.

ಜೇಬಿನ ವಿಷಯದಲ್ಲಿ ಒಪ್ಪುತ್ತೇನೆ. ಬೈತಖೋಲ್ ಬಂದರಿನಲ್ಲಿ ಇಂಥದೇ ಕ್ಯಾಮೆರಾ ಹಿಡಿದು ದೋಣಿಯ ಹಿಂದೆ ಬಿದ್ದಿದ್ದೆ. ಬಗ್ಗಿ ನೋಡುವ ಮೇಲಿನ ಗಾಜಿನಲ್ಲಿ ಎಡಬಲ ಅದಲುಬದಲು. ದೋಣಿ ಬಲಕ್ಕೆ ಹೋದರೆ ಗಾಜಿನಲ್ಲಿ ಎಡಕ್ಕೆ ಹೋಗುತ್ತದೆ, ನಾನು ಅದರ ವಿರುದ್ಧ ತಿರುಗುತ್ತಿದ್ದೆ. ಮೀನುಗಾರರಿಗೆ ಒಳ್ಳೆಯ ನಗೆ ಸಿಕ್ಕಿತು.

ತೋಟದಮನೆ, ಶಿರಸಿ:

ಕಿಟಕಿಗೆ ಹಿಡಿದೆ. ಅಂಚಿನ ಅಕ್ಷರ ಕಪ್ಪಗಿದೆ, ಕಾಂಡದ ಜಾಗ ಗಾಜಿನಂತೆಯೇ ಇದೆ. ಬ್ಯಾಟರಿ ಅಲ್ಕಲೈನೇ. ತೊಳೆದವರನ್ನು ಮನಸ್ಸಿನಲ್ಲೇ ಬೈದಿದ್ದೆ, ಹಿಂತೆಗೆದುಕೊಂಡೆ.

ಆದರೆ ಇನ್ನೊಂದು ಕಂಡಿತು. ಮೊದಲ ಆರು ಫ್ರೇಮು ತೆಳುವಾದರೂ ಮರದ ಗೆರೆ ಚೂಪಾಗಿದೆ. ಆಲೆಮನೆಯ ಆರರಲ್ಲಿ ಎರಡು ಮಾರು ದೂರದ ಕೊಪ್ಪರಿಗೆಯ ಅಂಚು ಕೂಡ ಬೆಣ್ಣೆ ಸವರಿದ ಹಾಗಿದೆ. ಫೋಕಸ್ ತಪ್ಪಿಲ್ಲ. ಭೂತಗನ್ನಡಿ ಎತ್ತಿ, ಕೊಪ್ಪರಿಗೆಯ ಕಿವಿ ನೋಡಿಯೇ ಕೂರಿಸಿದ್ದೆ.

ಕತ್ತಲೆಕೋಣೆ, ಕಾರವಾರ:

ತೋಟದ ಚಳಿಯಲ್ಲಿ ಒಂದು ಗಂಟೆ ನಿಂತ ಕ್ಯಾಮೆರಾವನ್ನು ನೇರ ಹಬೆಯೊಳಗೆ ಒಯ್ದಿರಾ? ಅಲ್ಲಿ ಲೆನ್ಸು ಒರೆಸಿದಿರಾ?

ತೋಟದಮನೆ, ಶಿರಸಿ:

ಒರೆಸಿದೆನಲ್ಲ. ಒಳಗೆ ಹೋದ ಕೂಡಲೇ ಗಾಜಿನಲ್ಲಿ ಏನೂ ಕಾಣಲಿಲ್ಲ, ಪಂಚೆಯ ಚುಂಗಿನಿಂದ ಮೇಲಿನ ಲೆನ್ಸು ಒರೆಸಿದೆ. ಸ್ವಚ್ಛವಾಗಿ ಕಂಡಿತು. ಆಮೇಲೆ

ಅಯ್ಯೋ.

ಕತ್ತಲೆಕೋಣೆ, ಕಾರವಾರ:

ಹೌದು. ನೋಡುವುದು ಮೇಲಿನದು, ಚಿತ್ರ ಹಿಡಿಯುವುದು ಕೆಳಗಿನದು. ಅದು ಆರೂ ಫ್ರೇಮು ಬೆವರುತ್ತಲೇ ನಿಂತಿತ್ತು. ನಾನೂ ಒಮ್ಮೆ ಮುಚ್ಚಳ ತೆಗೆಯದೆ ಇಡೀ ನಾಮಕರಣ ತೆಗೆದವನು, ಬೇಸರ ಬೇಡ.

ಮುಂದಿನ ಸಲ ಕ್ಯಾಮೆರಾವನ್ನು ಚೀಲದೊಳಗೆ ಹಾಕಿ ಬಾಯಿ ಬಿಗಿದು, ಆಲೆಮನೆಯ ಮೂಲೆಯಲ್ಲಿ ಅರ್ಧ ಗಂಟೆ ಇಟ್ಟು, ಬೆಚ್ಚಗಾದ ಮೇಲೆ ಹೊರತೆಗೆಯಿರಿ. ಬಚ್ಚಲ ಒಲೆಯ ಹತ್ತಿರ ಒಣಗಿಸಲು ಮಾತ್ರ ಇಡಬೇಡಿ, ಅಲ್ಲೂ ಹಬೆಯೇ. ಪಂಚೆಯ ಚುಂಗನ್ನೂ ಬಿಡಿ.

ಜೇನುಕಲ್ಲು, ಯಲ್ಲಾಪುರ:

ನನ್ನ ಕ್ಯಾಮೆರಾದಲ್ಲಿ ನೋಡುವುದೂ ತೆಗೆಯುವುದೂ ಒಂದೇ ಲೆನ್ಸು. ಹೇಳಿದೆ ಅಷ್ಟೇ.

ತೋಟದಮನೆ, ಶಿರಸಿ:

ಕಿವಿಯ ಬ್ಯಾಟರಿ ಸಿಕ್ಕಿತು. ಯಾರಿಗೆ ಎಂದು ಅಂಗಡಿಯವರು ಕೇಳಿದರು, ಚಿಕ್ಕಪ್ಪನದಕ್ಕೆ ಎಂದೆ. ನೆರೆಮನೆಯಲ್ಲಿ ಇನ್ನೊಂದೇ ಕೊಪ್ಪರಿಗೆಯ ಕಬ್ಬು ಉಳಿದಿದೆ, ಶುಕ್ರವಾರ ಇಡುತ್ತಾರಂತೆ. ಅರ್ಧ ಗಂಟೆ ಚೀಲವನ್ನು ಮೂಲೆಯಲ್ಲಿಟ್ಟು ಸುಮ್ಮನೆ ಕೂರುತ್ತೇನೆ ಎಂದರೆ ಅವರು ನಂಬುವುದಿಲ್ಲ, ಜೋನಿ ಬೆಲ್ಲಕ್ಕೆ ಬಂದಿದ್ದಾನೆ ಎನ್ನುತ್ತಾರೆ. ಒಂದು ತಂಬಿಗೆಯನ್ನೂ ಒಯ್ಯುತ್ತೇನೆ.